ಪರಳಿ ದೇವರ ಹೆಸರಿನವರು

ಭಾಲ್ಕಿ, ೩ ಅಕ್ಟೋಬರ್ ೧೯೪೮, ರವಿವಾರ

ಹತ್ತಿ ಖರೀದಿಗೆಂದು ವಾರಕ್ಕೆರಡು ದಿನ ಔರಾದ ಕಡೆ ಹೋಗುತ್ತಿದ್ದ ನಮ್ಮವರು, ಪೊಲೀಸ್ ಆ್ಯಕ್ಷನ್ ಆದಾಗಿನಿಂದ ಹೊಸ್ತಿಲು ದಾಟಿಲ್ಲ. ನಿಜಾಮರು ಶರಣಾದರೂ ಇವರ ಅಂಜಿಕೆ ಶರಣಾಗಲಿಲ್ಲವೆಂದು ನಗುತ್ತಿದ್ದೆ.

ಇವತ್ತು ಮಧ್ಯಾಹ್ನ ಔರಾದ ಕಡೆಯ ಡಾಬಕಾ ಹಳ್ಳಿಯ ಹೆಂಗಸೊಬ್ಬಳು, ಹದಿನೈದು ದಿನದಿಂದ ಮನೆಗೆ ಬಾರದ ಗಂಡನನ್ನು ಹುಡುಕುತ್ತ ಬಂದಳು. ಹೆಸರು ಕೇಳಿದೆ.

"ಗಂಡನ ಹೆಸರು ಹ್ಯಾಂಗ ಹೇಳ್ಲಿರಿ ಅಕ್ಕಾ? ಪರಳಿ ದೇವರ ಹೆಸರು ಅದರಿ."

"ನಮ್ಮವರದ್ದೂ ಅದೇ! ಈ ಸೀಮ್ಯಾಗ ಮನಿಗೊಬ್ಬರು ಅದಾರ ತಗೋ," ಎಂದು ನಕ್ಕೆ.

ಆಗ ಒಳಗೆ ನಮ್ಮವರು ಕೆಮ್ಮಿದರು. ನಾನು ತಲೆಗೆ ಸೆರಗು ಎಳೆದುಕೊಳ್ಳುವ ಮೊದಲೇ ಅವಳು ಎಳೆದುಕೊಂಡು ಎದ್ದು ನಿಂತಿದ್ದಳು.

ಅವಳೀಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಅವರ ಕೋಣೆಗೆ ಒಳಗಿನಿಂದ ಚಿಲಕ. ಆಮೇಲೆ ಒಂದು ಕೆಮ್ಮೂ ಕೇಳಿಲ್ಲ. ಹೆಂಡಂದಿರಿಬ್ಬರೂ ಕಿವಿಗೊಟ್ಟು ಕಾಯುತ್ತಿದ್ದೇವೆ.