ಅಡ್ಡಗೆರೆಯ ಮುಂದಿನ ಜಾಗ

ಅಣ್ಣಾ,

ನಿನ್ನ ಯೋಗಕ್ಷೇಮ ಕೇಳುವ ಮನಸ್ಸಿಲ್ಲ. ನನ್ನದು ಹೇಳಿಬಿಡುತ್ತೇನೆ.

ಸ್ಕ್ಯಾನ್ ನೋಡಿದ ಡಾಕ್ಟರು, "ಬೆನ್ನುಮೂಳೆಯೊಳಗೆ ರಕ್ತನಾಳಗಳು ಗಂಟು ಕಟ್ಕೊಂಡಿವೆ ಅಷ್ಟೇನಮ್ಮ, ಕ್ಯಾನ್ಸರ್ ಅಲ್ಲ. ಎಷ್ಟೋ ಜನಕ್ಕೆ ಇರುತ್ತೆ, ಗೊತ್ತೇ ಆಗಲ್ಲ" ಎಂದರು. ಅದು ಬೆಳೆದು ನರ ಒತ್ತಿದರೆ ಮಾತ್ರ ಚಿಕಿತ್ಸೆಯಂತೆ. ನೋವು ದಿನವಿಡೀ ಬಗ್ಗಿ ಬಟ್ಟೆ ಹೊಲಿಯುವುದರಿಂದ ಬಂದದ್ದು.

ಇದನ್ನು ಹೇಳಲು ಕುಣಿಯುತ್ತಾ ನಿನ್ನ ಸ್ಟುಡಿಯೋಗೆ ಬಂದೆ. ನೀನಿರಲಿಲ್ಲ, ಅತ್ತಿಗೆ ಇದ್ದರು. ಗೋಡೆಗೆ ಒರಗಿಸಿದ್ದ ಫ್ರೇಮಿನಲ್ಲಿ ನಾನಿದ್ದೆ. ಮೂಳೆಯಲ್ಲಿ ಗೆಡ್ಡೆ ಇದೆಯೆಂದು ಮೊದಲು ಎಕ್ಸ್‌ರೇಯಲ್ಲಿ ಗೊತ್ತಾದ ಮರುದಿನವೇ "ಸುಮ್ನೆ ಕೂತ್ಕೋ, ಒಂದು ಒಳ್ಳೇ ಫೋಟೋ ಇರ್ಲಿ" ಎಂದೆಯಲ್ಲ, ಅದೇ ಫೋಟೋ. ಕೆಳಗೆ ನನ್ನ ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಅದರ ಮುಂದೆ ಖಾಲಿ ಜಾಗ. ಕೆನ್ನೆಯ ಮಚ್ಚೆಯನ್ನೂ ಅಳಿಸಿ ನುಣ್ಣಗೆ ಮಾಡಿದ್ದೀಯ. ಫ್ರೇಮಿನ ವಾರ್ನಿಷ್ ಇನ್ನೂ ಹಸಿಯಾಗಿತ್ತು.

ಅತ್ತಿಗೆ ಹಲ್ಲು ಕಿರಿದು, "ಆಮೇಲೆ ಗಡಿಬಿಡಿ ಆಗ್ಬಾರ್ದು ಅಂತ..." ಎಂದರು. ಥೂ!

ಮುಂದಿನ ವರ್ಷದ ಸ್ಕ್ಯಾನಿಗೆ ಆಸ್ಪತ್ರೆಯ ಕಾರ್ಡ್ ಮಾಡಿಸಬೇಕು. ಅದೇ ಫೋಟೋವನ್ನು ಪಾಸ್‌ಪೋರ್ಟ್ ಸೈಜಿನಲ್ಲಿ ಕಳಿಸು. ಮಚ್ಚೆ ಇರಲಿ.

ಫ್ರೇಮನ್ನು ನೀನೇ ಇಟ್ಟುಕೋ. ನಿನ್ನ ಮುಖಕ್ಕೂ ಅಳತೆ ಸರಿಹೋಗುತ್ತದೆ.

ಇಂತಿ,
ಇನ್ನೂ ಇರುವ ನಿನ್ನ ತಂಗಿ