ರಸ್ತೆ ಬದಿಯ ಸಾಲುಗಳು

ಅಣ್ಣನಿಗೆ ತಂಗಿಯ ನಮಸ್ಕಾರ.

ಯೂರಿಯಾ ಮಾಡಲು ಬೇಕಾದ ಗ್ಯಾಸ್ ಬರದೆ ನಿಮ್ಮ ಗೊಬ್ಬರದ ಕಾರ್ಖಾನೆ ನಿಂತಿದೆ, ನೀನು ಮನೆಗೆ ಬರುತ್ತೀಯ ಎಂದು ತಿಳಿಯಿತು. ಇಲ್ಲಿ ಅಂಗಡಿಯಲ್ಲೂ ಯೂರಿಯಾ ಇಲ್ಲ. ಉಳಿದಿದ್ದ ಅರ್ಧ ಚೀಲವನ್ನು ಅಪ್ಪ ರಸ್ತೆ ಬದಿಯ ಜೋಳದ ಸಾಲುಗಳಿಗೇ ಹಾಕಿದರು. ಅವು ಹಸಿರಾಗಿವೆ, ಹಿಂದಿನ ಹೊಲವೆಲ್ಲ ಹಳದಿ.

"ಯಾಕಪ್ಪಾ ಹೀಗೆ?" ಅಂದೆ.

"ಅವನು ಬಸ್ಸಿಳಿದ ಕೂಡ್ಲೇ ಹಳದಿ ನೋಡಿದ್ರೆ, ತಾನೇ ಕಾರ್ಖಾನೆ ಮುಚ್ಚಿದೋನ ಹಾಗೆ ಮುಖ ಸಣ್ಣ ಮಾಡ್ಕೋತಾನೆ. ಅವನ ಹತ್ರ ಬಾಯಿ ಬಿಡ್ಬೇಡ" ಅಂದರು.

ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ. ರಸ್ತೆಯಲ್ಲೇ ನಿಂತು ನೋಡಿ, ಬೆಳೆ ಚೆನ್ನಾಗಿದೆ ಅಂತ ಅಪ್ಪನಿಗೆ ಹೇಳು. ಹಿಂದಕ್ಕೆ ಹೋಗಬೇಡ. ತೆನೆ ಕಟ್ಟುವ ಮೊದಲು ಗೊಬ್ಬರ ಬೀಳದಿದ್ದರೆ ವರ್ಷದ ಊಟಕ್ಕೆ ಸಾಲದು. ಗ್ಯಾಸ್ ಬಂತೆಂದು ಕಾರ್ಖಾನೆಯಿಂದ ಕರೆ ಬಂದರೆ, ತಟ್ಟೆಯ ಮುಂದೆ ಕೂತಿದ್ದರೂ ಎದ್ದು ಹೊರಡು. ಬುತ್ತಿ ಕಟ್ಟಿಕೊಡುತ್ತೇನೆ.

ನಿನ್ನ ತಂಗಿ