ಅಲುಗಾಡದೆ ಕೂತ ದರ್ಜಿ

ಓನರ್ ಆಂಟಿಗೆ ನಮಸ್ಕಾರ,

ಕ್ವಾರಂಟೈನಿನಲ್ಲಿ ಹೊತ್ತು ಹೋಗಲೆಂದು ದಿನವೂ ಡೈರಿಯಲ್ಲಿ ಚಿತ್ರ ಬರೆಯುತ್ತಿದ್ದೇನೆ. ಎದುರು ಮನೆಯ ಒಂಟಿ ದರ್ಜಿಯಣ್ಣನೇ ನನ್ನ ಮಾಡೆಲ್. ಮೊದಮೊದಲು ಒಂದು ಕಡೆ ಕೂರುತ್ತಿರಲಿಲ್ಲ, ಚಿತ್ರ ಎತ್ತಿ ತೋರಿಸಿದರೆ "ಕಿವಿ ಸ್ವಲ್ಪ ಚಿಕ್ಕದು ಮಾಡಮ್ಮಾ!" ಎಂದು ಕಿಟಕಿಯಿಂದಲೇ ಕೂಗುತ್ತಿದ್ದರು. ಆಮೇಲೆ ಅವರಿಗೆ ಕೆಮ್ಮು ಶುರುವಾಯಿತು. ನಿನ್ನೆ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ, ಚೂರೂ ಅಲುಗಾಡದೆ ಕೂತಿದ್ದರು. ನನಗಾಗಿಯೇ ಎಂದುಕೊಂಡು ಖುಷಿಯಿಂದ ಬರೆದೆ. ಚಿತ್ರ ಚೆನ್ನಾಗಿ ಬಂತು.

ಇವತ್ತೂ ಹಾಗೆಯೇ ಕೂತಿದ್ದಾರೆ. ಪಾರಿವಾಳವೊಂದು ಬಂದು ಅವರ ಹೆಗಲೇರಿತು. ಅದನ್ನೂ ಅರ್ಧ ಬರೆದ ಮೇಲೆ ನನ್ನ ಕೈ ನಿಂತಿತು.

ನಾನು ಹೊರಗೆ ಬರುವಂತಿಲ್ಲ. ಆ ಮನೆಯೂ ನಿಮ್ಮದೇ, ಇನ್ನೊಂದು ಬೀಗದ ಕೈ ನಿಮ್ಮಲ್ಲಿದೆ. ಮಾಸ್ಕ್ ಹಾಕಿಕೊಂಡು ಹೋಗಿ ನೋಡಿ. ಮೊಮ್ಮಗಳನ್ನು ಮಾತ್ರ ಜೊತೆಗೆ ಕರೆದೊಯ್ಯಬೇಡಿ.

ಇಂತಿ,
ನಿಮ್ಮ ಮಹಡಿ ಮನೆಯವಳು